ಏಳನೇ ಮೇಜಿನ ಸ್ಕೇಲು

ಆ ಕಾಲೇಜಿನಲ್ಲಿ ಮೊದಲ ವರ್ಷದ ಭೌತಶಾಸ್ತ್ರಕ್ಕೆ ಸೇರಿದವರಿಗೆ ಮೊದಲ ದಿನ ಸಿಗುತ್ತಿದ್ದುದು ಪಾಠವಲ್ಲ, ಒಂದು ಹಾಳೆ. ಎರಡೂ ಬದಿಗೆ ಒತ್ತಾಗಿ ಅಚ್ಚಾದ ಆ ಹಾಳೆಯಲ್ಲಿ ಹದಿನಾಲ್ಕು ನಿಯಮಗಳಿದ್ದವು. ಮೇಷ್ಟ್ರು ಅದನ್ನು ತಾವೇ ಬೆಂಚಿನಿಂದ ಬೆಂಚಿಗೆ ಹಂಚಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಹದಿನಾಲ್ಕನೆಯದರ ಪ್ರಕಾರ ‘ಇದನ್ನು ಓದಿ ಒಪ್ಪಿದ್ದೇನೆ’ ಎಂದು ಪ್ರತಿಯೊಬ್ಬರ ಸಹಿ ಹಾಕಿಸಿಕೊಂಡ ಮೇಲೆಯೇ ಸೀಮೆಸುಣ್ಣ ಕೈಗೆತ್ತಿಕೊಳ್ಳುತ್ತಿದ್ದರು. ಹೀಗಾಗಿ ಹುಡುಗರು ಅವರಿಗೆ ಇಟ್ಟ ಹೆಸರು ‘ಹದಿನಾಲ್ಕು’. ‘ಹದಿನಾಲ್ಕು ಬಂತು ಕಣೋ’ ಎಂದರೆ ಸಾಕು, ಕಾರಿಡಾರಿನಲ್ಲಿ ಹರಟುತ್ತಿದ್ದವರು ಬಿಲ ಸೇರಿದ ಇಲಿಗಳಂತೆ ತರಗತಿ ಸೇರುತ್ತಿದ್ದರು.

ನಿಯಮಗಳಾದರೂ ಎಂಥವು! ಐದು ನಿಮಿಷ ತಡವಾದರೆ ಒಳಗೆ ಪ್ರವೇಶವಿಲ್ಲ. ತಪ್ಪಿಸಿಕೊಂಡ ಪರೀಕ್ಷೆ ಮತ್ತೆ ಇಲ್ಲ. ಜ್ವರ, ಮದುವೆ, ಬಸ್ಸು ಯಾವುದೂ ನೆಪವಾಗದು. ಅಳತೆಯ ಮಾನವಿಲ್ಲದ ಉತ್ತರ ಉತ್ತರವೇ ಅಲ್ಲ. ಬರಿಯ ಹತ್ತು ಎಂದು ಬರೆದರೆ ಅದು ಹತ್ತು ಮೀಟರೋ ಹತ್ತು ಬದನೆಕಾಯಿಯೋ ತಿಳಿಯುವುದಿಲ್ಲ. ಪ್ರಯೋಗ ಮುಗಿಸಿ ಹೊರಡುವ ಮುನ್ನ ಫಲಿತಾಂಶದ ಚೀಟಿ ಬರೆದು ಕೊಟ್ಟೇ ಹೋಗಬೇಕು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಮೊದಲ ನಿಯಮ: ಕಂಡದ್ದನ್ನು ಬರೆಯಿರಿ, ಇರಬೇಕಾದ್ದನ್ನಲ್ಲ.

ಮೇಷ್ಟ್ರನ್ನು ಕಲ್ಲುಮನಸ್ಸಿನವರು ಎಂದು ತೀರ್ಮಾನಿಸುವ ಮುನ್ನ ಒಂದು ಮಾತು ಹೇಳಬೇಕು. ಅವರು ಓದುವ ಕಾಲದಲ್ಲಿ ಅವರ ಪ್ರಾಧ್ಯಾಪಕರು ಮುಖ ನೋಡಿ ಮಣೆ ಹಾಕುವವರಾಗಿದ್ದರು. ಮನೆಗೆ ಬಂದು ಹೋಗುವವರಿಗೆ, ಗುರುತಿನವರ ಮಕ್ಕಳಿಗೆ ಒಂದು ಅಳತೆ. ಮೂಲೆಯಲ್ಲಿ ಕೂತವರಿಗೆ ಇನ್ನೊಂದು. ಮೂಲೆಯಲ್ಲಿ ಕೂತಿದ್ದವರು ನಮ್ಮ ಮೇಷ್ಟ್ರು. ನಾನು ಪಾಠ ಮಾಡುವ ಕಾಲ ಬಂದರೆ ಎಲ್ಲರಿಗೂ ಒಂದೇ ಅಳತೆ ಎಂದು ಆಗಲೇ ನಿಶ್ಚಯಿಸಿದ್ದರು. ಇಪ್ಪತ್ತಮೂರು ವರ್ಷ ಆ ಮಾತಿನಂತೆ ನಡೆದರು, ಅದರಲ್ಲಿ ಎರಡು ಮಾತಿಲ್ಲ.

ಹದಿಮೂರನೆಯ ನಿಯಮ ಮಾತ್ರ ಉಳಿದವುಗಳಂತಿರಲಿಲ್ಲ. ‘ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನನ್ನ ಕೋಣೆಯ ಬಾಗಿಲು ತೆರೆದಿರುತ್ತದೆ. ಏನು ಬೇಕಾದರೂ ಕೇಳಬಹುದು.’ ಅದರ ಕೆಳಗೆ ಅವರು ತರಗತಿಗಳಲ್ಲಿರುವ ವೇಳೆಯನ್ನೂ ಕೊಟ್ಟಿದ್ದರು, ಯಾರೂ ಬಂದು ಬೀಗ ನೋಡಿಕೊಂಡು ಹೋಗುವಂತಾಗಬಾರದೆಂದು. ಆ ಒಂದು ಗಂಟೆಗಾಗಿ ಅವರು ಎದುರಿಗೆ ಎರಡು ಕುರ್ಚಿ ಹಾಕಿ ಧೂಳು ಒರೆಸುತ್ತಿದ್ದರು. ಮೇಜಿನ ಮೇಲೊಂದು ರಟ್ಟಿನ ಪೆಟ್ಟಿಗೆ; ಅದರಲ್ಲಿ ದಾರ, ಸೀಸದ ಗುಂಡು, ಸ್ಪ್ರಿಂಗು, ಒಂದು ಮಸೂರ. ಯಾರಾದರೂ ಏನಾದರೂ ಕೇಳಿದರೆ ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ಮಾಡಿ ತೋರಿಸಬಹುದಲ್ಲ.

ಬಂದವರಾದರೂ ಯಾರು? ಹಾಜರಾತಿ ಕಡಿಮೆಯಾಯಿತೆಂದು ಅಳುಮೋರೆ ಹಾಕಿಕೊಂಡು ಬಂದವರು. ಫೋನು ಚಾರ್ಜಿಗೆ ಹಾಕಲು ಜಾಗ ಕೇಳಿದ ಒಬ್ಬ. ಬೇರೆ ಕೋಣೆ ಹುಡುಕುತ್ತಾ ದಾರಿ ತಪ್ಪಿದವರು. ಭೌತಶಾಸ್ತ್ರ ಕೇಳಿಕೊಂಡು ಬಂದವರು ಯಾರೂ ಇಲ್ಲ. ಸರಿಯಾಗಿ ನಾಲ್ಕಕ್ಕೆ ಮೇಷ್ಟ್ರು ಪೆಟ್ಟಿಗೆ ಮುಚ್ಚಿ, ಬೀಗ ಹಾಕಿ ಮನೆಗೆ ಹೋಗುತ್ತಿದ್ದರು.

ಮನೆಯೆಂದರೆ ಟೈಲರ್ ಅಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಹೊಲಿಗೆ ಯಂತ್ರ ನಿಂತಾಗ ಮೇಲೆ ಗಡಿಯಾರದ ಸದ್ದು ಕೇಳುತ್ತಿತ್ತು. ಎರಡು ಕುರ್ಚಿಗಳಿದ್ದವು, ಎರಡನೆಯದರ ಮೇಲೆ ಹಳೆಯ ಪತ್ರಿಕೆಗಳು ಬೆನ್ನಿನ ಎತ್ತರಕ್ಕೆ ಬೆಳೆದಿದ್ದವು. ಮದುವೆಯ ಮಾತು ಒಂದೆರಡು ಸಲ ಬಂದು ಹೋಗಿತ್ತು. ಆ ಕಡೆಯವರಿಗೂ ಇವರೊಂದು ಹಾಳೆ ಹಂಚಿರಬೇಕು ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ದೂರದ ಊರಿನಲ್ಲಿದ್ದ ಅಕ್ಕ ಪ್ರತಿ ಭಾನುವಾರ ಸಂಜೆ ಫೋನು ಮಾಡುತ್ತಿದ್ದಳು. ಊಟವಾಯಿತೇ, ಕೆಮ್ಮು ಹೋಯಿತೇ ಎಂದೆಲ್ಲ ವಿಚಾರಿಸಿ, ಕೊನೆಯಲ್ಲಿ ತಪ್ಪದೆ ಕೇಳುತ್ತಿದ್ದಳು: “ಈ ವಾರ ಯಾರಾದ್ರೂ ಬಂದಿದ್ರೇನೋ?”

“ಇಲ್ಲ ಅಕ್ಕ,” ಎನ್ನುತ್ತಿದ್ದರು ಮೇಷ್ಟ್ರು.

ಆ ವರ್ಷದ ಎರಡನೆಯ ವಾರ, ಎಂದಿನಂತೆ, ಲೋಲಕದ ಪ್ರಯೋಗ. ದಾರಕ್ಕೆ ಗುಂಡು ಕಟ್ಟಿ ತೂಗಿಬಿಡುವುದು, ಮರದ ಸ್ಕೇಲಿನಿಂದ ದಾರದ ಉದ್ದ ಅಳೆಯುವುದು, ಇಪ್ಪತ್ತು ತೂಗಾಟಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ನೋಡುವುದು. ಬೇರೆ ಬೇರೆ ಉದ್ದಕ್ಕೆ ಹೀಗೆ ಮಾಡಿ, ಸರಾಸರಿ ತೆಗೆದು, ಗ್ರಾಫನ್ನೂ ಎಳೆಯುವುದು; ಆ ಗೆರೆ ಸೊನ್ನೆಯಿಂದ ಹೊರಡಬೇಕು. ಇಷ್ಟರಿಂದಲೇ ಭೂಮಿ ನಮ್ಮನ್ನು ಎಷ್ಟು ಜೋರಾಗಿ ಎಳೆಯುತ್ತದೆ ಎಂಬ ಅಂಕಿ ಸಿಗುತ್ತದೆ. ಪುಸ್ತಕದ ಪ್ರಕಾರ ಅದು 9.8. ಎಂಟು ಮೇಜು, ಒಂದೊಂದಕ್ಕೆ ಇಬ್ಬಿಬ್ಬರು. ಆ ತಂಡದಲ್ಲಿ ಸಂಖ್ಯೆ ಬೆಸವಾಗಿದ್ದರಿಂದ ಏಳನೆಯ ಮೇಜಿಗೆ ಒಬ್ಬಳೇ ಹುಡುಗಿ ಉಳಿದಳು. ಗುಂಡನ್ನು ಬಿಡುವುದೂ ಅವಳೇ, ಎಣಿಸುವುದೂ ಅವಳೇ, ಬರೆಯುವುದೂ ಅವಳೇ. ಎಲ್ಲರೂ ಹೋದ ಮೇಲೆ ಚೀಟಿ ಕೊಟ್ಟು ಹೋದಳು.

ಮಾರನೆಯ ದಿನ ಮೇಷ್ಟ್ರು ತರಗತಿಯಲ್ಲಿ ಚೀಟಿಗಳ ಅಂಕಿಗಳನ್ನು ಓದುತ್ತಾ ಹೋದರು. 9.79, 9.81, 9.8. ಏಳನೆಯದಕ್ಕೆ ಬಂದು ಕನ್ನಡಕ ಮೇಲೇರಿಸಿದರು.

“ಹತ್ತು ಪಾಯಿಂಟ್ ಸೊನ್ನೆ ಐದು! ಯಾವ ಗ್ರಹದಲ್ಲಿ ಮಾಡಿದೆಯಮ್ಮ ಈ ಪ್ರಯೋಗಾನ? ಅಷ್ಟು ದೂರ ಹೋದವಳು ವಾಪಸ್ ಬರುವಾಗ ನಮಗೂ ಏನಾದ್ರೂ ತರಬಾರದಿತ್ತಾ?”

ತರಗತಿ ಗೊಳ್ಳೆಂದಿತು. ಇಷ್ಟು ವರ್ಷಗಳಲ್ಲಿ ಅವರ ಮಾತಿಗೆ ಹುಡುಗರು ಹಾಗೆ ನಕ್ಕಿದ್ದೇ ಇಲ್ಲ. ಮೇಷ್ಟ್ರಿಗೆ ಆ ನಗು ಬಿಸಿಲಿನಂತೆ ಹಿತವಾಯಿತು. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿದರು. ಆ ಭಾನುವಾರ ಅಕ್ಕನಿಗೂ ಆ ತಮಾಷೆ ಹೇಳಿದರು, ಗ್ರಹದ ಮಾತನ್ನು ಎರಡು ಸಲ. ತಮ್ಮ ನಗುವುದನ್ನು ಕೇಳಿ ಬಹಳ ಕಾಲವಾಗಿದ್ದ ಅಕ್ಕನೂ ನಕ್ಕಳು.

ಮುಂದಿನ ಮಂಗಳವಾರ ಮೇಷ್ಟ್ರು ಕೋಣೆಗೆ ಬೀಗ ಹಾಕುತ್ತಿರುವಾಗ ಏಳನೇ ಮೇಜಿನ ಹುಡುಗಿ ಕಾರಿಡಾರಿನ ತುದಿಯಿಂದ ಓಡಿ ಬಂದಳು. ಅವಳ ಹಿಂದಿನ ತರಗತಿ ಮುಗಿಯುವುದೇ ನಾಲ್ಕಕ್ಕೆ. ಏದುಸಿರು ಬಿಡುತ್ತಾ, ಗ್ರಾಫಿನ ಹಾಳೆಯನ್ನು ಎದೆಗವಚಿಕೊಂಡು ನಿಂತಳು.

“ಸಾರ್, ಒಂದೇ ಒಂದು...”

ಮೇಷ್ಟ್ರು ಕೈಗಡಿಯಾರ ನೋಡಿದರು. “ನಾಲ್ಕು ಗಂಟೆ ಐದು ನಿಮಿಷ. ಶುಕ್ರವಾರ ಬಾ.”

ಶುಕ್ರವಾರ ಅವಳು ಬರಲಿಲ್ಲ. ಐದನೆಯ ವಾರ ಕಚೇರಿಯಿಂದ ಚೀಟಿ ಬಂತು: ಹುಡುಗಿ ಭೌತಶಾಸ್ತ್ರ ಬಿಟ್ಟು ಇತಿಹಾಸಕ್ಕೆ ಸೇರಿದ್ದಾಳೆ. ಮೇಷ್ಟ್ರು ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಸ್ಕೇಲಿಟ್ಟು ನೇರವಾಗಿ ಕೆಂಪು ಗೆರೆ ಎಳೆದರು. ವರ್ಷಕ್ಕೆ ಆರೇಳು ಜನ ಹಾಗೆ ಬಿಡುತ್ತಿದ್ದರು, ಅವರಿಗೇನೂ ಅನ್ನಿಸಲಿಲ್ಲ.

ಇದಾಗಿ ಮೂರು ತಿಂಗಳ ಮೇಲೆ ಮೇಷ್ಟ್ರಿಗೆ ಪತ್ರಿಕೆಗಳನ್ನು ಕುರ್ಚಿಯಿಂದ ಇಳಿಸುವ ಮನಸ್ಸಾಯಿತು. ಗೋಡೆಯ ಗೂಡಿಗೆ ಒಂದು ಹಲಗೆ ಹಾಕಿಸಿದರೆ ಸರಿ ಎಂದುಕೊಂಡರು. ಅಳೆಯಲು ಪ್ರಯೋಗಾಲಯದಿಂದ ಒಂದು ಮೀಟರ್ ಸ್ಕೇಲು ತಂದರು. ಸಾಮಾನು ಹೊರಗೆ ಒಯ್ಯಬಾರದೆಂಬುದು ಒಂಬತ್ತನೆಯ ನಿಯಮವಾದ್ದರಿಂದ, ರಿಜಿಸ್ಟರಿನಲ್ಲಿ ‘ಅನುಮತಿ ಕೊಟ್ಟವರು’ ಎಂಬಲ್ಲಿಯೂ ತಾವೇ, ‘ಪಡೆದವರು’ ಎಂಬಲ್ಲಿಯೂ ತಾವೇ ಸಹಿ ಹಾಕಿದರು. ಗೂಡಿನ ಒಂದು ಗೋಡೆಗೆ ಸ್ಕೇಲಿನ ತುದಿ ತಾಗಿಸಿ, ಇನ್ನೊಂದು ಗೋಡೆಯ ಹತ್ತಿರ ಓದಿದರು: ಎಂಬತ್ತನಾಲ್ಕು. ಅಷ್ಟನ್ನು ಕಾಗದದ ಮೇಲೆ ಬರೆದು, ‘ಕೂದಲೆಳೆಯಷ್ಟೂ ವ್ಯತ್ಯಾಸವಾಗಕೂಡದು’ ಎಂದು ಅಡಿಗೆರೆ ಎಳೆದು ಬಡಗಿಗೆ ಕೊಟ್ಟರು.

ಬಡಗಿ ಶನಿವಾರ ಹಲಗೆ ತಂದ. ಹಲಗೆ ಗೂಡಿನೊಳಗೆ ಹೋಗಲೊಲ್ಲದು. ಓರೆ ಮಾಡಿದರು, ಒತ್ತಿದರು, ಬಡಗಿ ಅಂಗೈಯಿಂದ ಗುದ್ದಿದ. ಊಹೂಂ.

“ನೀನು ದೊಡ್ಡದು ಕೊಯ್ದಿದೀಯ,” ಎಂದರು ಮೇಷ್ಟ್ರು.

“ನೀವು ಬರೆದಷ್ಟೇ ಇದೆ ಸಾರ್, ಬೇಕಾದ್ರೆ ನೋಡಿ. ಗೋಡೆ ಒಂದೇ ವಾರದಲ್ಲಿ ಕುಗ್ಗೋಕೆ ಅದೇನು ಹತ್ತಿಬಟ್ಟೇನಾ?”

“ಇಪ್ಪತ್ತಮೂರು ವರ್ಷದಿಂದ ಅಳೆಯೋದನ್ನೇ ಪಾಠ ಮಾಡ್ತಿದೀನಿ, ಗೊತ್ತಾ?”

“ಮಾಡಿ ಸಾರ್, ಬೇಡ ಅಂದೋರು ಯಾರು? ಎಲ್ಲಿ, ಆ ಕೋಲು ಇತ್ಲಾಗೆ ಕೊಡಿ.” ಬಡಗಿ ಸ್ಕೇಲನ್ನು ತನ್ನ ಉಕ್ಕಿನ ಟೇಪಿನ ಪಕ್ಕಕ್ಕಿಟ್ಟು, ತುದಿಯನ್ನು ಹೆಬ್ಬೆರಳಿನಿಂದ ಸವರಿ ನಕ್ಕ. “ಇದಕ್ಕೆ ಮೂಗೇ ಇಲ್ವಲ್ಲ ಸಾರ್. ಯಾರೋ ಕೊಯ್ದು ಪಾಲಿಶ್ ಹಾಕಿದಾರೆ. ಕೆಲಸ ಮಾತ್ರ ನೀಟಾಗಿದೆ. ಇದು ಎರಡರಿಂದ ಶುರುವಾಗತ್ತೆ.”

ಕೈಯ ಕೊಳೆಯಿಂದ ಕಪ್ಪಾಗಿದ್ದ ಆ ತುದಿಯಲ್ಲಿ ಒಂದೂ ಇರಲಿಲ್ಲ, ಎರಡೂ ಇರಲಿಲ್ಲ. ಮೊದಲು ಕಾಣುವ ಅಂಕಿಯೇ ಮೂರು. ಬಡಗಿ ಹಲಗೆಯನ್ನು ಮತ್ತೆ ಕೊಯ್ದು ತರುತ್ತೇನೆಂದು ಹೊತ್ತುಕೊಂಡು ಹೋದ. ಮೇಷ್ಟ್ರು ಮೊದಲು ತಮ್ಮ ಪಾಡಿಗೆ ತಾವೇ ನಕ್ಕರು. ಆಮೇಲೆ ಸ್ಕೇಲನ್ನು ತಿರುಗಿಸಿದಾಗ ಹಿಂದುಗಡೆ ಬಿಳಿ ಬಣ್ಣದಲ್ಲಿ ಬರೆದದ್ದು ಕಂಡಿತು: 7.

ನಗು ಅಲ್ಲೇ ನಿಂತಿತು. ಪತ್ರಿಕೆಯೊಂದರ ಅಂಚಿನಲ್ಲಿಯೇ ಅವರು ಲೆಕ್ಕ ಹಾಕಿದರು. ದಾರದ ಪ್ರತಿಯೊಂದು ಅಳತೆಯೂ ಎರಡು ಸೆಂಟಿಮೀಟರ್ ಹೆಚ್ಚು ತೋರಿಸಿದರೆ ಪ್ರಾಮಾಣಿಕವಾಗಿ ಅಳೆದವರಿಗೆ ಬರುವ ಉತ್ತರ ಎಷ್ಟು? ಎರಡು ಸಲ ಹಾಕಿ ನೋಡಿದರು. ಎರಡು ಸಲವೂ 10.05ರ ಹತ್ತಿರಕ್ಕೇ ಬಂತು.

ಸೋಮವಾರ ಲ್ಯಾಬ್ ಅಟೆಂಡರನ್ನು ಕರೆದು ಸ್ಕೇಲು ತೋರಿಸಿದರು. ಅವನು ಮುಚ್ಚಿಡಲಿಲ್ಲ.

“ಹನ್ನೊಂದು ವರ್ಷ ಆಯ್ತು ಸಾರ್. ತುದಿ ಸೀಳಿಹೋಗಿತ್ತು. ಹೊಸದು ಬೇಕಂದ್ರೆ ಮೂರು ಫಾರಂ ತುಂಬಬೇಕು, ಅದಕ್ಕೇ ನಾನೇ ಕೊಯ್ದು ಸರಿ ಮಾಡಿಟ್ಟೆ. ಏನೂ ತೊಂದರೆ ಆಗಿಲ್ವಲ್ಲ ಸಾರ್? ಎಲ್ಲರಿಗೂ ಉತ್ತರ ಸರಿಯಾಗೇ ಬರ್ತಿತ್ತಲ್ಲ!”

ಎಲ್ಲರಿಗೂ ಉತ್ತರ ಸರಿಯಾಗೇ ಬರುತ್ತಿತ್ತು. ಆ ಮಾತು ಮೇಷ್ಟ್ರನ್ನು ಕಪಾಟಿನವರೆಗೆ ಎಳೆದೊಯ್ದಿತು. ಚೀಟಿಗಳನ್ನು ವರ್ಷವಾರು ಕಟ್ಟಿ ಇಡುವುದು ಅವರ ಅಭ್ಯಾಸ. ಹನ್ನೊಂದು ವರ್ಷದ ಕಟ್ಟುಗಳನ್ನು ಬಿಚ್ಚಿ, ಏಳನೆಯ ಮೇಜಿನವನ್ನು ಆರಿಸಿ ಸಾಲಾಗಿ ಜೋಡಿಸಿದರು. ವರ್ಷಕ್ಕೆ ಮೂರು ತಂಡದಂತೆ ಮೂವತ್ತಮೂರು ಚೀಟಿ. ಮೂವತ್ತೆರಡರಲ್ಲಿ 9.78, 9.8, 9.81. ಒಬ್ಬ ಪುಣ್ಯಾತ್ಮನಂತೂ 9.806 ಎಂದು ಮೂರು ದಶಮಾಂಶದವರೆಗೆ ಬರೆದಿದ್ದ. ಅದರ ಪಕ್ಕದಲ್ಲಿ ‘ಬಹಳ ಚೆನ್ನಾಗಿದೆ’ ಎಂದು ಕೆಂಪು ಶಾಯಿಯಲ್ಲಿತ್ತು, ಅಕ್ಷರ ಮೇಷ್ಟ್ರದೇ. ಆ ಸ್ಕೇಲಿನಿಂದ ಅಂಥ ಉತ್ತರ ಬರಲು ಸಾಧ್ಯವೇ ಇರಲಿಲ್ಲ. ಎಲ್ಲರೂ ಪುಸ್ತಕ ನೋಡಿ, ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ, ಮೇಷ್ಟ್ರಿಗೆ ಬೇಕಾದ್ದನ್ನು ಬರೆದುಕೊಟ್ಟು ಮನೆಗೆ ಹೋಗಿದ್ದರು. ಮೊದಲ ನಿಯಮದ ಕೆಳಗೆ ಸಹಿ ಹಾಕಿದವರೇ ಅವರೆಲ್ಲ.

ಮೂವತ್ತಮೂರನೆಯದು ಹುಡುಗಿಯದು. ಕೆಂಪು ಸೊನ್ನೆಯ ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ ಎರಡು ಸಾಲುಗಳಿದ್ದವು. ಅವನ್ನು ಮೇಷ್ಟ್ರು ಈಗ ಮೊದಲ ಸಲ ಓದಿದರು. ‘ಗ್ರಾಫಿನ ಗೆರೆ ನೇರವಾಗಿದೆ. ಆದರೆ ಸೊನ್ನೆಯಿಂದ ಹೊರಡುವುದಿಲ್ಲ, ಎರಡು ಸೆಂ.ಮೀ. ಆಚೆಯಿಂದ ಹೊರಡುತ್ತದೆ. ಕಾರಣ ಗೊತ್ತಾಗಲಿಲ್ಲ.’

ಕೊಯ್ದ ಆ ಎರಡು ಸೆಂಟಿಮೀಟರನ್ನು ಅವಳು ಸ್ಕೇಲಿನ ತುದಿ ನೋಡದೆಯೇ, ಬರಿಯ ಗೆರೆಯಲ್ಲಿ ಹಿಡಿದಿದ್ದಳು. ಹೇಳಿಕೊಟ್ಟವರು ಯಾರೂ ಇಲ್ಲ. ಮೇಷ್ಟ್ರು ತಮ್ಮ ಕೆಂಪು ಸೊನ್ನೆಯನ್ನು ನೋಡುತ್ತಾ ಕುಳಿತರು. ಇಡೀ ಕಟ್ಟಡದಲ್ಲಿ ಅವರ ಮಾತನ್ನು ನಂಬಿದವಳು ಒಬ್ಬಳೇ ಇದ್ದಳು, ಅವಳನ್ನು ಅವರೇ ಎಲ್ಲರ ಮುಂದೆ ನಗೆಪಾಟಲು ಮಾಡಿ ಓಡಿಸಿದ್ದರು. ಅವಳನ್ನು ಮರಳಿ ಕರೆತರಬೇಕು, ಅದಾಗದಿದ್ದರೆ ಅವಳಿಗೆ ನಿಜವಾದರೂ ಗೊತ್ತಾಗಬೇಕು. ಬೇರೆ ಏನೂ ಅವರಿಗೆ ತೋಚಲಿಲ್ಲ.

ಕಚೇರಿಗೆ ಹೋಗಿ ಗುಮಾಸ್ತರನ್ನು ಕೇಳಿದರು. ಗುಮಾಸ್ತರು ಕಡತ ತೆಗೆದು, ಆರನೆಯ ವಾರದ ನಂತರ ಯಾರನ್ನೂ ಭೌತಶಾಸ್ತ್ರಕ್ಕೆ ಸೇರಿಸಿಕೊಳ್ಳತಕ್ಕದ್ದಲ್ಲ ಎಂಬ ನಿರ್ಣಯ ತೋರಿಸಿದರು. ಸೂಚಿಸಿದವರ ಸಹಿ ಮೇಷ್ಟ್ರದು.

“ನೀವೇ ಹಟ ಹಿಡಿದು ಮಾಡಿಸಿದ್ದಲ್ವೇ ಸಾರ್,” ಎಂದರು ಗುಮಾಸ್ತರು, ಪಾಪ, ಬೇರೇನೂ ಉದ್ದೇಶವಿಲ್ಲದೆ.

ಮಾಡಿದ್ದುಣ್ಣೋ ಮಹರಾಯ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ.

ಭಾನುವಾರ ಅಕ್ಕ ಫೋನಿನಲ್ಲಿ ತಾನಾಗಿಯೇ ಕೇಳಿದಳು: “ಆ ಗ್ರಹದ ಹುಡುಗಿ ಏನಾದ್ಲೋ? ಈಗ ಸರಿಯಾಗಿ ಮಾಡ್ತಾಳಾ?” ಮೇಷ್ಟ್ರು ಲೈನು ಸರಿಯಾಗಿ ಕೇಳಿಸುತ್ತಿಲ್ಲವೆಂದು ಸುಳ್ಳು ಹೇಳಿದರು.

ಅದರ ನಂತರದ ಶುಕ್ರವಾರ ಮಧ್ಯಾಹ್ನ ಮೂರಕ್ಕೆ, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ, ಅವರ ಕೋಣೆಗೆ ಬೀಗ ಬಿದ್ದಿತ್ತು. ಮೇಷ್ಟ್ರು ಸ್ಕೇಲನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು, ಮೈದಾನ ದಾಟಿ, ಇತಿಹಾಸದ ತರಗತಿಯ ಬಾಗಿಲಲ್ಲಿ ನಿಂತಿದ್ದರು. ಹಾದುಹೋಗುವ ಹುಡುಗರು ‘ಹದಿನಾಲ್ಕು ಇಲ್ಲೇನು ಮಾಡ್ತಿದೆ?’ ಎಂದು ಪಿಸುಗುಟ್ಟಿದ್ದು ಅವರಿಗೂ ಕೇಳಿಸಿತು. ಬೇರೆಯವರ ಬಾಗಿಲಲ್ಲಿ ಕಾಯುವುದು ಎಷ್ಟು ಉದ್ದದ ಕೆಲಸವೆಂದು ಅವರಿಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ತರಗತಿ ಬಿಟ್ಟಿತು. ಹುಡುಗಿ ಅವರನ್ನು ಕಂಡು ಬೆಚ್ಚಿದಳು. “ಸಾರ್, ವಿಷಯ ಬಿಡೋ ಫಾರಂಗೆ ನಾನು ಸಹಿ ಹಾಕಿಯಾಗಿದೆ ಸಾರ್...”

“ಫಾರಂ ಅಲ್ಲಮ್ಮ.” ಮೇಷ್ಟ್ರು ಪತ್ರಿಕೆ ಬಿಚ್ಚಿ ಸ್ಕೇಲನ್ನು ಅವಳ ಕೈಗೆ ಕೊಟ್ಟರು. “ಈ ತುದಿ ನೋಡು. ಹನ್ನೊಂದು ವರ್ಷದ ಹಿಂದೆ ಕೊಯ್ದಿದಾರೆ. ನಿನ್ನ ಗೆರೆ ಸರಿಯಾಗಿತ್ತು. ತಪ್ಪು ಸ್ಕೇಲಿನದು.” ಕೂಡಲೇ ತಾವೇ ತಿದ್ದಿದರು: “ಅಲ್ಲ. ತಪ್ಪು ನನ್ನದು.”

ಹುಡುಗಿ ಕೊಯ್ದ ತುದಿಯ ಮೇಲೆ ಬೆರಳಾಡಿಸಿದಳು.

“ಅಷ್ಟೇನಾ ಸಾರ್?” ಎಂದಳು. “ನನ್ನ ತಲೆಗೆ ಫಿಸಿಕ್ಸ್ ಹತ್ತಲ್ಲ ಅಂತ ಅಮ್ಮನಿಗೆ ಹೇಳಿಬಿಟ್ಟಿದ್ದೆ. ಅಮ್ಮ ಈಗ ಎಲ್ಲರ ಹತ್ತಿರಾನೂ ಹಾಗೇ ಹೇಳ್ತಾರೆ.”

ಮೇಷ್ಟ್ರು ಇಷ್ಟು ದಿನ ನಾಲಿಗೆಯ ತುದಿಯಲ್ಲೇ ಇದ್ದ ಪ್ರಶ್ನೆ ಕೇಳಿದರು. “ಅವತ್ತು ನಾಲ್ಕು ಗಂಟೆ ಐದು ನಿಮಿಷಕ್ಕೆ ಓಡಿ ಬಂದಿದ್ದೆಯಲ್ಲ. ಏನು ಕೇಳೋಕೆ ಬಂದಿದ್ದೆ?”

“ಅದೇ ಸಾರ್. ಗೆರೆ ಸೊನ್ನೆಯಿಂದ ಯಾಕೆ ಹೊರಡಲ್ಲ ಅಂತ.”

ಇಪ್ಪತ್ತಮೂರು ವರ್ಷ, ವಾರಕ್ಕೆರಡು ಸಲ, ದಾರ ಗುಂಡುಗಳ ಪೆಟ್ಟಿಗೆ ತೆರೆದಿಟ್ಟುಕೊಂಡು ಅವರು ಕಾದು ಕೂತಿದ್ದುದು ಇಂಥ ಒಂದು ಪ್ರಶ್ನೆಗೆ. ಅದು ಓಡಿ ಬಂದಿತ್ತು. ಅವರು ಗಡಿಯಾರ ನೋಡಿದ್ದರು.

“ಎರಡು ಸೆಂಟಿಮೀಟರ್ ಕಳೆದ್ರೆ ನಿನಗೆ ಉತ್ತರ ಎಷ್ಟು ಬರತ್ತೆ ಅಂದ್ರೆ...” ಎಂದು ಅವರು ಆತುರದಿಂದ ಶುರುಮಾಡಿದರು.

“ಹೇಳಬೇಡಿ ಸಾರ್!” ಹುಡುಗಿ ಥಟ್ಟನೆ ಕೈ ಅಡ್ಡ ಹಿಡಿದಳು. ಒಂದು ಗಳಿಗೆ ಅವಳ ಮುಖ ಬೆಳಗಿತು. “ನನ್ನ ರೀಡಿಂಗ್ ಎಲ್ಲ ಇನ್ನೂ ಇದಾವೆ. ನಾನೇ ಮಾಡ್ತೀನಿ.”

“ಮಾಡಿ ತಂದು ತೋರಿಸ್ತೀಯಾ? ಮಂಗಳವಾರ, ಮೂರರಿಂದ...” ಮೇಷ್ಟ್ರು ತಡವರಿಸಿದರು. “ಯಾವಾಗಾದ್ರೂ ಬಾ. ಎಷ್ಟು ಹೊತ್ತಿಗಾದ್ರೂ.”

“ನೋಡ್ತೀನಿ ಸಾರ್,” ಎಂದು ಸ್ಕೇಲನ್ನು ಅವರ ಕೈಗಿಟ್ಟು ಗೆಳತಿಯರ ಕಡೆಗೆ ಹೋದಳು. ನೋಡ್ತೀನಿ ಎಂದರೆ ಏನರ್ಥ ಎಂಬುದು ನಮಗೆಲ್ಲ ಗೊತ್ತೇ ಇದೆ. ಮೇಷ್ಟ್ರಿಗೂ ಗೊತ್ತಿತ್ತು. ಆದರೂ ಮಂಗಳವಾರ ಎರಡನೆಯ ಕುರ್ಚಿಯ ಧೂಳು ಒರೆಸಿ, ಪೆಟ್ಟಿಗೆ ತೆರೆದಿಟ್ಟುಕೊಂಡು ಕೂತರು. ನಾಲ್ಕಾಯಿತು, ಐದಾಯಿತು. ಆರಕ್ಕೆ ಕಾವಲುಗಾರ ಬಂದು ಗೇಟು ಹಾಕಬೇಕೆಂದ. ಶುಕ್ರವಾರವೂ ಹಾಗೆಯೇ ಆಯಿತು.

ಅದರ ಮುಂದಿನ ಬುಧವಾರ ಹನ್ನೊಂದರ ತರಗತಿ ಮುಗಿಸಿ ಬಂದು ಬೀಗ ತೆಗೆದಾಗ, ಬಾಗಿಲ ಕೆಳಗಿನಿಂದ ತಳ್ಳಿದ್ದ ಒಂದು ಚೀಟಿ ಮೇಷ್ಟ್ರ ಚಪ್ಪಲಿಗೆ ತಾಗಿತು. ಹೆಸರಿಲ್ಲ. ಪೆನ್ಸಿಲಿನ ಸಣ್ಣ ಅಕ್ಷರ. ‘9.79 ಮೀ./ಸೆ.²’, ಮಾನ ಸಮೇತ. ಕೆಳಗೆ ಒಂದು ಸಾಲು: ‘ಈಗ ಗೆರೆ ಸೊನ್ನೆಯಿಂದ ಹೊರಡುತ್ತದೆ.’

ಮೇಷ್ಟ್ರು ನಿಂತಲ್ಲೇ ಅದನ್ನು ಮೂರು ಸಲ ಓದಿದರು. ಎಷ್ಟು ಸಂತೋಷವಾಯಿತೆಂದರೆ ಯಾರಿಗಾದರೂ ತೋರಿಸೋಣವೆಂದು ಕಾರಿಡಾರಿಗೆ ಹೊರಟು, ಯಾರೂ ಹೊಳೆಯದೆ ಮರಳಿ ಬಂದರು. ಕುಳಿತು ಕೆಂಪು ಶಾಯಿಯಲ್ಲಿ ಹತ್ತಕ್ಕೆ ಹತ್ತು ಹಾಕಿದರು. ಆಮೇಲೆ ಅವರಿಗೆ ಇನ್ನೊಂದು ಅರ್ಥವಾಯಿತು. ಬುಧವಾರ ಹನ್ನೊಂದು ಗಂಟೆಗೆ ಈ ಕೋಣೆಗೆ ಬೀಗವಿರುತ್ತದೆಂದು ಹದಿಮೂರನೆಯ ನಿಯಮದ ಕೆಳಗೆ ಸ್ಪಷ್ಟವಾಗಿ ಅಚ್ಚಾಗಿತ್ತು. ಹಾಳೆಯನ್ನು ಪೂರ್ತಿ ಓದಿದವಳು ಅವಳೊಬ್ಬಳೇ. ಮೇಷ್ಟ್ರು ಎದುರಿಗೆ ಸಿಗದ ಹೊತ್ತನ್ನು ನೋಡಿಯೇ ಅವಳು ಬಂದಿದ್ದಳು.

ಹತ್ತು ಅಂಕದ ಚೀಟಿಯನ್ನು ಕೊಡಲು ಮತ್ತೆ ಅವಳ ಬಾಗಿಲಿಗೆ ಹೋಗುವುದು ಸರಿಯೆನಿಸಲಿಲ್ಲ. ಅದನ್ನು ಕಪಾಟಿನಲ್ಲಿ, ಆ ಮೂವತ್ತಮೂರರ ಮೇಲೆ ಇಟ್ಟರು. ಅಟೆಂಡರ್ ಗೊಣಗುತ್ತಾ ಮೂರು ಫಾರಂ ತುಂಬಿದ, ಏಳನೆಯ ಮೇಜಿಗೆ ಹೊಸ ಸ್ಕೇಲು ಬಂತು. ಹಳೆಯದು ಈಗ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಸರಿಯಾಗಿ ಕೂತ ಹಲಗೆಯ ಮೇಲೆ ಪತ್ರಿಕೆಗಳ ಪಕ್ಕದಲ್ಲಿದೆ. ಎರಡನೆಯ ಕುರ್ಚಿ ಖಾಲಿಯಾಗಿದೆ.

ಆ ಭಾನುವಾರ ಸಂಜೆ ಅಕ್ಕನ ಫೋನು ಬಂತು. ಊಟ, ಕೆಮ್ಮು, ಎಲ್ಲ ಆದ ಮೇಲೆ ಎಂದಿನಂತೆ ಕೇಳಿದಳು: “ಈ ವಾರ ಯಾರಾದ್ರೂ ಬಂದಿದ್ರೇನೋ?”

“ಬಂದಿದ್ರು ಅಕ್ಕ,” ಎಂದರು ಮೇಷ್ಟ್ರು. “ನಾನಿರಲಿಲ್ಲ.”